ಸಾಲಕ್ಕೆ ಸಂಗಾತಿ, ಸ್ವತ್ತಿಗೆ ಅಪರಿಚಿತೆ

ವಿವಾಹಬಂಧನಕ್ಕೆ ಒಳಪಡದೆ ಒಂದೇ ಸೂರಿನಡಿ ಬಾಳುವವರ ಪ್ರಶ್ನೆ ಬಂದಾಗಲೆಲ್ಲ ನಮ್ಮ ಸಮಾಜದಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಹಿರಿಯರು "ಮಾಡಿದ್ದುಣ್ಣೋ ಮಹಾರಾಯ" ಎಂಬ ಗಾದೆಯೊಂದಿಗೆ ಚರ್ಚೆಯನ್ನು ಮುಗಿಸುತ್ತಾರೆ. ಕಿರಿಯರು "ಇದು ನಮ್ಮಿಬ್ಬರ ಸ್ವಂತ ವಿಚಾರ, ನಡುವೆ ಕಾಗದಪತ್ರಗಳೇಕೆ?" ಎಂದು ಮಾತನ್ನು ತುಂಡರಿಸುತ್ತಾರೆ. ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾಗಿ ತೋರುವ ಈ ಎರಡು ಪಕ್ಷಗಳೂ ಒಂದು ವಿಷಯದಲ್ಲಿ ಪೂರ್ಣ ಸಹಮತ ಹೊಂದಿವೆ: ಹಣದ ಮಾತನ್ನು ಎತ್ತಕೂಡದು. ಈ ಮೌನದ ಬೆಲೆ ತಿಳಿಯುವುದು ಇಬ್ಬರಲ್ಲಿ ಒಬ್ಬರು ದಿವಾಳಿಯಾದ ದಿನ. ಅಂದು ಆ ಬೆಲೆಯನ್ನು ಸಾಲ ಮಾಡಿದವರಿಗಿಂತ ಹೆಚ್ಚಾಗಿ ತೆರಬೇಕಾದವರು ನಂಬಿ ಹಣ ಕೊಟ್ಟವರು.

ಇಂತಹ ಸಹಜೀವನವನ್ನು ಸಮರ್ಥಿಸುವುದಾಗಲಿ ಖಂಡಿಸುವುದಾಗಲಿ ಈ ಲೇಖನದ ಉದ್ದೇಶವಲ್ಲ. ಆ ಕುರಿತು ಓದುಗರ ಅಭಿಪ್ರಾಯ ಏನೇ ಇರಲಿ, ಒಂದು ಸಂಬಂಧವನ್ನು ಒಪ್ಪದಿರುವುದು ಬೇರೆ, ಆ ಸಂಬಂಧದಲ್ಲಿರುವ ವ್ಯಕ್ತಿಯ ದುಡಿಮೆಯ ಹಣ ಅನ್ಯರ ಪಾಲಾಗುವುದನ್ನು ಸಮ್ಮತಿಸುವುದು ಬೇರೆ. ಮೊದಲನೆಯದು ಅಭಿಪ್ರಾಯ, ಎರಡನೆಯದು ಅನ್ಯಾಯ. ಇವೆರಡನ್ನು ಒಂದುಗೂಡಿಸಿ ನಾವು ನಮ್ಮ ಆತ್ಮಸಾಕ್ಷಿಯನ್ನು ಸುಲಭವಾಗಿ ಸಮಾಧಾನಪಡಿಸಿಕೊಳ್ಳುತ್ತಿದ್ದೇವೆ ಎಂಬುದೇ ಇಲ್ಲಿನ ಆಕ್ಷೇಪ.

ಮೊದಲು ಕಾನೂನಿನ ಸ್ಥಿತಿಯನ್ನು ಅರಿಯೋಣ. ಒಬ್ಬರೊಡನೆ ಬಾಳಿದ ಮಾತ್ರಕ್ಕೆ ಅವರ ಸಾಲಕ್ಕೆ ಯಾರೂ ಹೊಣೆಗಾರರಾಗುವುದಿಲ್ಲ. ಈ ಮಾತು ಪತ್ನಿಗೂ ಅನ್ವಯಿಸುತ್ತದೆ, ಸಂಗಾತಿಗೂ ಅನ್ವಯಿಸುತ್ತದೆ. ಹೊಣೆ ಹುಟ್ಟುವುದು ಸಹಿಯಿಂದ. 1872ರ ಭಾರತೀಯ ಕರಾರು ಕಾಯಿದೆಯ 43ನೆಯ ಕಲಮಿನ ಪ್ರಕಾರ, ಇಬ್ಬರು ಜಂಟಿಯಾಗಿ ಸಾಲ ಪಡೆದಿದ್ದರೆ ಸಾಲ ಕೊಟ್ಟವರು ಪೂರ್ತಿ ಮೊತ್ತವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ವಸೂಲು ಮಾಡಬಹುದು. 128ನೆಯ ಕಲಮಿನ ಪ್ರಕಾರ, ಜಾಮೀನುದಾರನ ಹೊಣೆ ಮೂಲ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದುದು. ಕರಾರಿನಲ್ಲಿ ಬೇರೆ ಮಾತಿದ್ದರೆ ಮಾತ್ರ ಅದು ಕುಗ್ಗುತ್ತದೆ. "ಅರ್ಧ ಸಾಲ ನನ್ನದು, ಅರ್ಧ ಅವನದು" ಎಂಬ ಮನೆಯೊಳಗಿನ ಒಪ್ಪಂದಕ್ಕೆ ಬ್ಯಾಂಕಿನ ಮುಂದೆ ಯಾವ ಬೆಲೆಯೂ ಇಲ್ಲ.

ಇನ್ನು ದಿವಾಳಿಯ ವಿಚಾರ. ವ್ಯಕ್ತಿಗಳ ದಿವಾಳಿಗೆ ಕಲ್ಕತ್ತಾ, ಮುಂಬಯಿ, ಮದರಾಸುಗಳಲ್ಲಿ 1909ರ ಕಾಯಿದೆಯನ್ನೂ, ಇತರೆಡೆಗಳಲ್ಲಿ 1920ರ ಪ್ರಾಂತೀಯ ದಿವಾಳಿ ಕಾಯಿದೆಯನ್ನೂ ಆಂಗ್ಲರ ಕಾಲದಲ್ಲಿ ರಚಿಸಲಾಯಿತು. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗಾಗಿಯೇ ಒಂದು ಭಾಗವನ್ನು ಮೀಸಲಿಡಲಾಯಿತಾದರೂ, 2019ರ ಡಿಸೆಂಬರ್ 1ರಂದು ಅದನ್ನು ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಆ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯವು 2021ರ ಮೇ 21ರಂದು ಎತ್ತಿಹಿಡಿಯಿತು. ಕಂಪನಿಯ ಸಾಲ ಪರಿಹಾರ ಯೋಜನೆಗೆ ಅನುಮೋದನೆ ದೊರೆತ ಮಾತ್ರಕ್ಕೆ ಜಾಮೀನುದಾರ ತಾನಾಗಿಯೇ ಬಿಡುಗಡೆ ಹೊಂದುವುದಿಲ್ಲವೆಂದೂ ಹೇಳಿತು. ಮಿತ್ರನ ಕಂಪನಿಗೆ ಒಂದು ಸಹಿ ಹಾಕಿದ ಸಂಬಳದಾರನು ಆ ಕಂಪನಿ ಮುಳುಗಿದ ಮೇಲೂ ಆ ಸಹಿಯಿಂದ ಪಾರಾಗಲಾರ.

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನಲ್ಲಿ ಇಬ್ಬರು ಉದ್ಯೋಗಿಗಳು ಆರು ವರ್ಷಗಳಿಂದ ಜೊತೆಯಾಗಿ ಬಾಳುತ್ತಿದ್ದಾರೆ. ಫ್ಲ್ಯಾಟಿನ ಕ್ರಯಪತ್ರ ಅವನ ಹೆಸರಿನಲ್ಲಿದೆ. ಮಾಸಿಕ ಕಂತಿನ ಅರ್ಧವನ್ನು ಅವಳು ಪ್ರತಿ ತಿಂಗಳು ಅವನ ಖಾತೆಗೆ ಕಳುಹಿಸುತ್ತಾಳೆ. ಅಲ್ಲಿಂದ ಬ್ಯಾಂಕಿಗೆ ಹಣ ಹೋಗುತ್ತದೆ. ದಿನಸಿ, ವಿದ್ಯುತ್ತು, ಅವನ ತಾಯಿಯ ಔಷಧಿ, ಎಲ್ಲಕ್ಕೂ ಒಂದು ಜಂಟಿ ಖಾತೆಯಿದೆ. ಕಾರಿನ ಸಾಲಕ್ಕೆ ಅವಳು ಸಹಸಾಲಗಾರಳು. ಅವನು ಅವಳಿಗೆ ತಿಳಿಸದೆ ಮಿತ್ರನ ಕಂಪನಿಗೆ ಜಾಮೀನು ನಿಂತಿದ್ದಾನೆ. ಕಂಪನಿ ಮುಳುಗುತ್ತದೆ, ಅವನು ದಿವಾಳಿಯೆಂದು ಘೋಷಿತನಾಗುತ್ತಾನೆ. ಹೆಣ್ಣು ಸಾಲಗಾರಳಾಗಿ ಗಂಡು ಸಂಗಾತಿಯಾಗಿದ್ದರೂ ಮುಂದಿನ ಮಾತು ಬಹುಪಾಲು ಹೀಗೆಯೇ ಇರುತ್ತದೆ.

ಕಾರಿನ ಸಾಲದ ಪೂರ್ತಿ ಬಾಕಿಗೆ ಬ್ಯಾಂಕು ಅವಳತ್ತ ತಿರುಗುತ್ತದೆ. ಅವನಿಗೆ ನ್ಯಾಯಾಲಯವು ಮುಂದೊಂದು ದಿನ ಋಣಮುಕ್ತಿಯ ಆದೇಶ ನೀಡಿದರೂ ಅದರ ಫಲ ಅವಳಿಗೆ ಸಿಗದು. ದಿವಾಳಿಯೊಡನೆ ಜಂಟಿಯಾಗಿ ಕರಾರು ಮಾಡಿಕೊಂಡವರನ್ನಾಗಲಿ ಅವನಿಗೆ ಜಾಮೀನು ನಿಂತವರನ್ನಾಗಲಿ ಆ ಆದೇಶ ಬಿಡುಗಡೆ ಮಾಡುವುದಿಲ್ಲವೆಂದು 1920ರ ಕಾಯಿದೆಯ 44ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಸಾಲ ಮಾಡಿದವನು ಹೊಸ ಬದುಕು ಆರಂಭಿಸಬಹುದು, ಸಹಿ ಹಾಕಿದವಳು ಹಳೆಯ ಸಾಲ ತೀರಿಸುತ್ತ ಕುಳಿತಿರಬೇಕು. ಜಂಟಿ ಖಾತೆಯಲ್ಲಿ ತನ್ನ ಸಂಬಳದ ಪಾಲೆಷ್ಟು ಎಂಬುದನ್ನು ಸಿದ್ಧಪಡಿಸುವ ಭಾರವೂ ಅವಳ ಮೇಲೆಯೇ ಬೀಳುತ್ತದೆ. ಸಾಲದ ಮಟ್ಟಿಗೆ, ಕಾನೂನಿನ ಕಣ್ಣು ಅವಳನ್ನು ನಿಚ್ಚಳವಾಗಿ ಕಾಣುತ್ತದೆ.

ಅದೇ ಕಣ್ಣು ಸ್ವತ್ತಿನ ವಿಚಾರ ಬಂದೊಡನೆ ಮುಚ್ಚಿಕೊಳ್ಳುತ್ತದೆ. ಸಾಲಗಾರನನ್ನೂ ಅವನ ಮನೆಯವರನ್ನೂ ಬೀದಿಗೆ ತಳ್ಳಬಾರದೆಂಬ ಕರುಣೆ ನಮ್ಮ ಕಾನೂನಿನಲ್ಲಿ ಇಲ್ಲದೆ ಇಲ್ಲ. ದಿವಾಣಿ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಸಾಲಗಾರನ, ಅವನ ಹೆಂಡತಿಯ ಮತ್ತು ಮಕ್ಕಳ ಅಗತ್ಯದ ಬಟ್ಟೆಬರೆ, ಅಡಿಗೆಯ ಪಾತ್ರೆ, ಹಾಸಿಗೆ ಹೊದಿಕೆಗಳನ್ನು ಜಪ್ತಿಯಿಂದ ಹೊರಗಿಟ್ಟಿದೆ. ಧಾರ್ಮಿಕ ಆಚಾರದಂತೆ ಸ್ತ್ರೀಯು ತೆಗೆಯಲಾಗದ ಆಭರಣಗಳನ್ನೂ ರಕ್ಷಿಸಿದೆ. 2016ರ ಸಂಹಿತೆಯೂ ಸಾಲಗಾರನ "ನಿಕಟ ಕುಟುಂಬ"ದ ಗೃಹೋಪಯೋಗಿ ವಸ್ತುಗಳಿಗೆ ವಿನಾಯಿತಿ ನೀಡಿದೆ. ಆದರೆ ನಿಕಟ ಕುಟುಂಬವೆಂದರೆ ಯಾರು? ಪತಿ ಅಥವಾ ಪತ್ನಿ, ಅವಲಂಬಿತ ಮಕ್ಕಳು, ಅವಲಂಬಿತ ತಂದೆತಾಯಿಗಳು. ಆ ತಾಯಿಯ ಔಷಧಿಗೆ ಆರು ವರ್ಷ ಹಣ ಕೊಟ್ಟವಳ ಹೆಸರು ಆ ಪಟ್ಟಿಯಲ್ಲಿಲ್ಲ.

ಫ್ಲ್ಯಾಟಿನ ಸ್ಥಿತಿ ಇದಕ್ಕಿಂತ ಕಠಿಣ. ದಿವಾಳಿಯ ಸ್ವತ್ತೆಲ್ಲ ನ್ಯಾಯಾಲಯದ ಅಥವಾ ರಿಸೀವರರ ವಶಕ್ಕೆ ಹೋಗುತ್ತದೆ. "ಇದರ ಅರ್ಧ ಹಣ ನನ್ನದು" ಎಂದು ಅವಳು ಹೇಳಹೊರಟರೆ, ಬೇನಾಮಿ ವ್ಯವಹಾರಗಳನ್ನು ನಿಷೇಧಿಸುವ 1988ರ ಕಾಯಿದೆ ಎದುರು ನಿಲ್ಲುತ್ತದೆ. ಒಬ್ಬರ ಹಣದಿಂದ ಇನ್ನೊಬ್ಬರ ಹೆಸರಿನಲ್ಲಿ, ಹಣ ಕೊಟ್ಟವರ ಪ್ರಯೋಜನಕ್ಕಾಗಿ ಸ್ವತ್ತನ್ನು ಇರಿಸಿಕೊಳ್ಳುವುದು ಬೇನಾಮಿ. 2016ರಲ್ಲಿ ತಿದ್ದುಪಡಿಯಾದ ಆ ಕಾಯಿದೆಯು, ಗೊತ್ತಾದ ಆದಾಯದಿಂದ ಪತಿ, ಪತ್ನಿ ಅಥವಾ ಮಕ್ಕಳ ಹೆಸರಿನಲ್ಲಿ ಕೊಂಡದ್ದಕ್ಕೆ ವಿನಾಯಿತಿ ನೀಡಿದೆ. ಒಡಹುಟ್ಟಿದವರೊಡನೆ ಜಂಟಿಯಾಗಿ ಕೊಂಡದ್ದಕ್ಕೂ ನೀಡಿದೆ. ಮದುವೆಯಾಗದ ಸಂಗಾತಿಯ ಉಲ್ಲೇಖ ಅಲ್ಲಿಲ್ಲ. ಪತ್ನಿಯಾಗಿದ್ದರೆ ಸಹಜವೆನಿಸುತ್ತಿದ್ದ ಹಕ್ಕೊತ್ತಾಯ, ಸಂಗಾತಿಯ ಬಾಯಲ್ಲಿ ಬೇನಾಮಿಯ ಆಕ್ಷೇಪಣೆಯನ್ನು ಎದುರಿಸಬೇಕಾಗುತ್ತದೆ. ಕೊನೆಗೆ, ಆರು ವರ್ಷ ಕೊಟ್ಟ ಕಂತಿನ ಹಣವನ್ನು ಅವಳು ಬಾಡಿಗೆ ಕೊಟ್ಟಳೆಂದೋ ಪ್ರೀತಿಯಿಂದ ದಾನವಿತ್ತಳೆಂದೋ ವಾದಿಸಲು ಎದುರು ಪಕ್ಷದ ವಕೀಲರಿಗೆ ಕಷ್ಟವಾಗದು.

"ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆ ಇಂತಹವರನ್ನು ಕಾಪಾಡುತ್ತದೆಯಲ್ಲ?" ಎಂದು ಕೇಳಬಹುದು. ನಿಜ, ವಿವಾಹಸದೃಶ ಸಂಬಂಧದಲ್ಲಿರುವ ಸ್ತ್ರೀಗೂ ಆ ಕಾಯಿದೆ ವಾಸದ ಹಕ್ಕನ್ನೂ ಹಣಕಾಸಿನ ಪರಿಹಾರವನ್ನೂ ಕೊಡುತ್ತದೆ. ಆದರೆ ಆ ಪರಿಹಾರ ಸಿಗಬೇಕಾದುದು ಪುರುಷನಿಂದ. ಅವನೇ ಬರಿಗೈಯಾಗಿರುವಾಗ ಸಿಗುವುದೇನು? ಅಡಮಾನವಿಟ್ಟ ಮನೆಯ ಮೇಲಿನ ಬ್ಯಾಂಕಿನ ಹಕ್ಕನ್ನು ಆ ಕಾಯಿದೆ ಅಳಿಸಿಹಾಕುವುದಿಲ್ಲ. ಮೇಲಾಗಿ ಎಲ್ಲ ಸಹಜೀವನವೂ ವಿವಾಹಸದೃಶವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಹೇಳಿತು. 2013ರಲ್ಲಿ, ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿ, ಸಂಬಂಧದ ಸ್ವರೂಪವನ್ನು ಅಳೆಯಲು ಕೆಲವು ಸೂಚಕಗಳನ್ನು ಅದು ಪಟ್ಟಿಮಾಡಿತು. ಇಬ್ಬರೂ ತಮ್ಮ ಹಣಕಾಸನ್ನು ಒಟ್ಟುಗೂಡಿಸಿಕೊಂಡಿರುವುದು, ಜಂಟಿ ಖಾತೆ ಹೊಂದಿರುವುದು ಅವುಗಳಲ್ಲಿ ಒಂದು.

ಇಲ್ಲಿನ ವಿಪರ್ಯಾಸವನ್ನು ಓದುಗರು ಗಮನಿಸಬೇಕು. ತಾನು ಅವನ ಬಾಳಿನಲ್ಲಿ ಪತ್ನಿಯ ಸ್ಥಾನದಲ್ಲಿದ್ದೆನೆಂದು ಸಾಧಿಸಲು ಅವಳು ತನ್ನ ಹಣವನ್ನು ಅವನ ಹಣದೊಡನೆ ಬೆರೆಸಿರಬೇಕು. ಅವನು ದಿವಾಳಿಯಾದಾಗ ತನ್ನ ಹಣವನ್ನು ಉಳಿಸಿಕೊಳ್ಳಲು ಅದನ್ನು ಬೆರೆಸದೆ ಇರಬೇಕು. ಒಂದು ನ್ಯಾಯಾಲಯದಲ್ಲಿ ಅವಳ ಪರ ಸಾಕ್ಷಿ ನುಡಿಯುವ ಪಾಸುಪುಸ್ತಕವೇ ಇನ್ನೊಂದು ನ್ಯಾಯಾಲಯದಲ್ಲಿ ಅವಳ ವಿರುದ್ಧ ನಿಲ್ಲುತ್ತದೆ. ಯಾವ ದಾರಿ ಹಿಡಿದರೂ ನಷ್ಟವೆಂಬಂತಹ ಈ ಸ್ಥಿತಿಯನ್ನು ನ್ಯಾಯವೆಂದು ಕರೆಯಲು ಸಾಧ್ಯವೆ?

"ಹಾಗಾದರೆ ಮದುವೆಯಾಗಲಿ, ಸಮಸ್ಯೆಯೇ ಇಲ್ಲ" ಎಂಬುದು ಹಿರಿಯರ ಉತ್ತರ. ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಮೇಲೆ ಹೇಳಿದ ಹಲವು ರಕ್ಷಣೆಗಳು ವಿವಾಹದಿಂದ ದೊರೆಯುತ್ತವೆ. ಆದರೆ ಸಹಿ ಹಾಕಿದ ಪತ್ನಿಯೂ ಸಂಗಾತಿಯಷ್ಟೇ ಸಿಲುಕುತ್ತಾಳೆ ಎಂಬುದನ್ನು ಈ ಉತ್ತರ ಮರೆಮಾಚುತ್ತದೆ. ಗಂಡನ ಅಂಗಡಿಯ ಸಾಲಪತ್ರಕ್ಕೆ ಓದದೆ ಸಹಿ ಹಾಕಿ ಮನೆ ಕಳೆದುಕೊಂಡ ಗೃಹಿಣಿಯರನ್ನು ನಮ್ಮ ಊರುಗಳು ಕಂಡಿಲ್ಲವೆ? ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ದಿವಾಳಿ ಕಾನೂನು ಶೀಲವನ್ನು ತಿದ್ದುವ ದಂಡವಲ್ಲ. ಅವಳ ಹಣ ರಿಸೀವರರ ಪಾಲಾದರೆ ಯಾವ ಮೌಲ್ಯ ಉಳಿದಂತಾಯಿತು? ಲಾಭವಾದದ್ದು ಅವನ ಮಿತ್ರನ ಕಂಪನಿಗೆ ಸಾಲ ಕೊಟ್ಟವರಿಗೆ. ಶಿಕ್ಷೆಯಾದದ್ದು ಹಣದ ವಿಚಾರದಲ್ಲಿ ಯಾವ ತಪ್ಪನ್ನೂ ಮಾಡದವಳಿಗೆ. ಇದನ್ನು ಕರ್ಮಫಲವೆಂದು ವರ್ಣಿಸಿ ಸುಮ್ಮನಾಗುವುದು ಕರ್ಮಸಿದ್ಧಾಂತಕ್ಕೇ ಮಾಡುವ ಅಪಚಾರ. ಆ ಸಿದ್ಧಾಂತ ಹೇಳುವುದು ಪ್ರತಿಯೊಂದು ಜೀವವೂ ತಾನು ಮಾಡಿದ್ದರ ಫಲವನ್ನು ಉಣ್ಣುತ್ತದೆ ಎಂದೇ ಹೊರತು, ಒಬ್ಬರ ಸಾಲವನ್ನು ಇನ್ನೊಬ್ಬರ ತಲೆಗೆ ಕಟ್ಟಲು ನಮಗೆ ಅಧಿಕಾರವಿದೆ ಎಂದಲ್ಲ.

ಕಿರಿಯರ ವಾದವೂ ಇಷ್ಟೇ ದುರ್ಬಲ. ಪ್ರೀತಿಯಿರುವಲ್ಲಿ ಲೆಕ್ಕವೇಕೆ ಎನ್ನುತ್ತಾರೆ. ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕವನ್ನು ಪೂಜಿಸಿ ಬರೆಯಲಾರಂಭಿಸುವ ವರ್ತಕ ಮನೆತನಗಳಲ್ಲಿ ಬೆಳೆದವರ ಬಾಯಲ್ಲಿ ಈ ಮಾತು ಬರುವುದು ಆಶ್ಚರ್ಯಕರ. ಅಣ್ಣತಮ್ಮಂದಿರು ಒಂದೇ ಅಂಗಡಿಯಲ್ಲಿ ಕುಳಿತರೂ ಬಂಡವಾಳದ ಲೆಕ್ಕ ಬರೆದಿಡುತ್ತಾರೆ. ಅದರಿಂದ ಸೋದರಪ್ರೇಮ ಕುಂದಿತೆಂದು ಯಾರೂ ಹೇಳಿಲ್ಲ. ಲೆಕ್ಕ ಅಪನಂಬಿಕೆಯ ಗುರುತಲ್ಲ. ಸಂಗಾತಿಯನ್ನು ನಂಬಬಹುದು, ಆದರೆ ದಿವಾಳಿಯ ದಿನ ಎದುರು ನಿಲ್ಲುವವರು ಸಂಗಾತಿಯಲ್ಲ, ಸಂಗಾತಿಗೆ ಸಾಲ ಕೊಟ್ಟವರು. ಅವರಿಗೂ ನಿಮಗೂ ಯಾವ ಪ್ರೀತಿಯ ನಂಟೂ ಇಲ್ಲ. ಉತ್ತರಾಖಂಡದಲ್ಲಿ 2025ರ ಜನವರಿ 27ರಂದು ಜಾರಿಗೆ ಬಂದ ಸಮಾನ ನಾಗರಿಕ ಸಂಹಿತೆಯು ಇಂತಹ ಸಂಬಂಧಗಳ ನೋಂದಣಿಯನ್ನು ಕಡ್ಡಾಯಗೊಳಿಸಿತು. ಆದರೆ ಹೆಸರನ್ನು ನೋಂದಾಯಿಸಿದರೆ ಹಣದ ಲೆಕ್ಕ ಬರೆದಂತಾಗುವುದಿಲ್ಲ. ಅದನ್ನು ಇಬ್ಬರೂ ತಾವೇ ಬರೆದುಕೊಳ್ಳಬೇಕು.

ಈ ಸಂದರ್ಭದಲ್ಲಿ ಇನ್ನೊಂದು ದುರಾಚಾರವನ್ನೂ ಖಂಡಿಸದೆ ಬಿಡುವಂತಿಲ್ಲ. ದಿವಾಳಿಯ ಸುಳಿವು ಸಿಕ್ಕೊಡನೆ ಸ್ವತ್ತನ್ನು ಸಂಗಾತಿಯ ಹೆಸರಿಗೆ ವರ್ಗಾಯಿಸಿ, "ಅವರು ನನಗೆ ಕಾನೂನಿನ ಪ್ರಕಾರ ಯಾರೂ ಅಲ್ಲ" ಎಂದು ಕೈತೊಳೆದುಕೊಳ್ಳಲು ಯತ್ನಿಸುವವರೂ ಇದ್ದಾರು. 1920ರ ಕಾಯಿದೆಯ 53ನೆಯ ಕಲಮಿನ ಪ್ರಕಾರ, ದಿವಾಳಿ ಅರ್ಜಿಗೆ ಹಿಂದಿನ ಎರಡು ವರ್ಷಗಳಲ್ಲಿ ತಕ್ಕ ಪ್ರತಿಫಲವಿಲ್ಲದೆ ಮಾಡಿದ ವರ್ಗಾವಣೆಯನ್ನು ನ್ಯಾಯಾಲಯವು ರದ್ದುಗೊಳಿಸಬಹುದು. ಸಾಲ ಕೊಟ್ಟವರೆಂದರೆ ದೊಡ್ಡ ಬ್ಯಾಂಕುಗಳು ಮಾತ್ರವಲ್ಲ. ಸಂಬಳ ಬಾಕಿ ಉಳಿದ ಕೆಲಸಗಾರ, ಸರಕು ಕೊಟ್ಟ ಸಣ್ಣ ವರ್ತಕ, ಕೈಗಡ ಕೊಟ್ಟ ವಿಧವೆಯೂ ಅವರಲ್ಲಿದ್ದಾರೆ. ಸಂಗಾತಿಯ ನ್ಯಾಯವಾದ ಪಾಲನ್ನು ಕಾಪಾಡಬೇಕೆಂಬ ವಾದ, ಸಂಗಾತಿಯನ್ನು ಬಚ್ಚಿಡುವ ಪೆಟ್ಟಿಗೆಯಾಗಿ ಬಳಸುವುದಕ್ಕೆ ಪರವಾನಗಿಯಲ್ಲ. ಟ್ರಸ್ಟಿಗಳೂ ಇಲ್ಲಿ ಎಚ್ಚರದಿಂದಿರಬೇಕು: ಮುಳುಗುತ್ತಿರುವ ಸಾಲಗಾರನು ಕೊನೆಯ ದಿನಗಳಲ್ಲಿ ಬಸದಿಗೆ ನೀಡಿದ ದೊಡ್ಡ ದೇಣಿಗೆಯೂ ಪ್ರತಿಫಲವಿಲ್ಲದ ವರ್ಗಾವಣೆಯೇ. ಅದರ ಮೇಲೂ ಇದೇ ಪ್ರಶ್ನೆ ಏಳಬಹುದು.

ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರ ಎಂಬ ಎರಡನ್ನು ನಮ್ಮ ಶ್ರಾವಕಾಚಾರವು ಹೇಳುತ್ತದೆ. ಸುಳ್ಳು ಪತ್ರ ಸೃಷ್ಟಿಸುವುದು ಮೊದಲನೆಯದು. ಮೇಲೆ ಹೇಳಿದ ಕಳ್ಳ ವರ್ಗಾವಣೆಗಳು ಅದಕ್ಕೆ ಸೇರುತ್ತವೆ. ಎರಡನೆಯದು ಇನ್ನಷ್ಟು ಸೂಕ್ಷ್ಮ. ಹಣವನ್ನು ಒಪ್ಪಿಸಿ ಹೋದವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ನಿಜವನ್ನು ಬಲ್ಲವನು ಸುಮ್ಮನಿದ್ದು ಅಷ್ಟನ್ನೇ ಕೊಡುವುದು ನ್ಯಾಸಾಪಹಾರ. ಆರು ವರ್ಷ ಲೆಕ್ಕವಿಡದೆ ಕೊಟ್ಟವಳು ಇಂದು ತನ್ನ ಪಾಲೆಷ್ಟೆಂದು ಹೇಳಲಾರಳು. ಅವನು ಬಲ್ಲ, ಅವನ ಮನೆಯವರೂ ಬಲ್ಲರು. ಬಲ್ಲವರ ಮೌನ ಅಪಹಾರವಾಗುತ್ತದೆ. ಹಣವನ್ನು ಒಪ್ಪಿಸಿದವರು ಧರ್ಮಪತ್ನಿಯೋ ಅಲ್ಲವೋ ಎಂದು ಆ ಲಕ್ಷಣ ಕೇಳುವುದಿಲ್ಲ.

ಆದುದರಿಂದ ಕುಟುಂಬಗಳಿಗೆ ಒಂದು ನೇರ ಮಾತು. ಸ್ವತ್ತಿನ ದಿನ "ಅವಳು ನಮಗೆ ಯಾರೂ ಅಲ್ಲ" ಎನ್ನುವುದು, ಸಾಲದ ದಿನ "ಜೊತೆಗಿದ್ದವಳು ನೀನೇ, ನೀನೇ ತೀರಿಸು" ಎನ್ನುವುದು, ಈ ಎರಡು ನಾಲಿಗೆಯ ಮಾತು ಮರ್ಯಾದಸ್ಥ ಮನೆತನಕ್ಕೆ ಶೋಭಿಸದು. ಅವಳು ತಂದ ಪೀಠೋಪಕರಣ, ಅವಳು ಕೊಂಡ ಬಂಗಾರ, ಅವಳ ಹೆಸರಿನ ರಸೀದಿಗಳು ನಿಮ್ಮ ವಶದಲ್ಲಿದ್ದರೆ ಜಪ್ತಿಯ ನೋಟೀಸು ಬರುವ ಮೊದಲೇ ಅವಳಿಗೆ ಹಿಂದಿರುಗಿಸಿ. ನ್ಯಾಯಾಲಯ ಕೇಳಿದಾಗ ಸತ್ಯವನ್ನು ನುಡಿಯಿರಿ. ಹೆಣ್ಣಿನ ತವರಿನವರೂ "ಹೇಳದೆ ಹೋದವಳು" ಎಂದು ಬಾಗಿಲು ಮುಚ್ಚಬಾರದು. ಟ್ರಸ್ಟುಗಳು ಸಂಕಷ್ಟ ನಿಧಿಯ ಅರ್ಜಿಯಲ್ಲಿ ಪತಿಯ ಹೆಸರಿನ ಸ್ಥಳ ಖಾಲಿಯಿದೆ ಎಂಬ ಕಾರಣಕ್ಕೆ ಅದನ್ನು ಬದಿಗಿಡದಿರಲಿ. ವರ್ಷಕ್ಕೊಮ್ಮೆ ಒಬ್ಬ ವಕೀಲರನ್ನೂ ಒಬ್ಬ ಲೆಕ್ಕಪರಿಶೋಧಕರನ್ನೂ ಕರೆಸಿ, ಸಹಿ ಮತ್ತು ಜಾಮೀನಿನ ಪರಿಣಾಮಗಳನ್ನು ವಿವರಿಸುವ ಒಂದು ಸಭೆ ನಡೆಸಲಿ. ಮದುವೆಯಾದವರಿಗೂ ಅದರ ಅಗತ್ಯ ಕಡಿಮೆಯೇನಿಲ್ಲ.

ಜೊತೆಯಾಗಿ ಬಾಳುತ್ತಿರುವವರು ಮಾಡಬೇಕಾದದ್ದು ಹೆಚ್ಚೇನೂ ಇಲ್ಲ. ಸಂಬಳದ ಖಾತೆಗಳು ಬೇರೆಯಿರಲಿ. ಮನೆಖರ್ಚಿಗೆ ಸಾಲುವಷ್ಟನ್ನು ಮಾತ್ರ ಜಂಟಿ ಖಾತೆಯಲ್ಲಿಡಿ. ಮನೆಗೆ ಇಬ್ಬರೂ ಹಣ ಕೊಡುವುದಾದರೆ ಕ್ರಯಪತ್ರದಲ್ಲಿ ಇಬ್ಬರ ಹೆಸರೂ, ಪಾಲಿನ ಪ್ರಮಾಣವೂ ಇರಲಿ. ಒಬ್ಬರು ಇನ್ನೊಬ್ಬರಿಗೆ ಕೊಟ್ಟದ್ದು ಸಾಲವಾದರೆ ಪ್ರಾಮಿಸರಿ ನೋಟು ಬರೆಸಿಕೊಳ್ಳಿ. ಬೇಡಿಕೆಯ ಮೇಲೆ ತೀರಿಸಬೇಕಾದ ನೋಟಿನ ಕಾಲಮಿತಿ 1963ರ ಕಾಯಿದೆಯಂತೆ ಮೂರು ವರ್ಷ, ಆದ್ದರಿಂದ ಅವಧಿ ಮುಗಿಯುವ ಮೊದಲೇ ನವೀಕರಿಸಿ. ಒಪ್ಪಂದ ಪತ್ರ ಬರೆಸುವಾಗ ಹಣದ ವಿಚಾರವನ್ನಷ್ಟೇ ಬರೆಸಿ. ಸಹವಾಸವನ್ನೇ ಪ್ರತಿಫಲವೆಂದು ಬರೆದರೆ ಕರಾರು ಕಾಯಿದೆಯ 23ನೆಯ ಕಲಮಿನ ಅಡಿಯಲ್ಲಿ ಅದು ಅನೈತಿಕವೆಂದು ಅಸಿಂಧುವಾಗುವ ಅಪಾಯವಿದೆ. ನಿಮ್ಮ ಕ್ರೆಡಿಟ್ ಕಾರ್ಡಿನ ಮೇಲೆ ಇನ್ನೊಬ್ಬರಿಗೆ ಹೆಚ್ಚುವರಿ ಕಾರ್ಡು ಕೊಡಿಸಿದ್ದರೆ ಅವರ ಖರ್ಚು ನಿಮ್ಮ ಸಾಲವೆಂಬುದು ನೆನಪಿರಲಿ. ಎಲ್ಲಕ್ಕಿಂತ ಮಿಗಿಲಾಗಿ, ಅನ್ಯರಿಗೆ ಜಾಮೀನು ನಿಲ್ಲುವ ಮೊದಲು ಮನೆಯಲ್ಲಿರುವವರಿಗೆ ತಿಳಿಸಿ. ಬಚ್ಚಿಟ್ಟ ಸಹಿ ಬಚ್ಚಿಟ್ಟ ಬೆಂಕಿಯಂತೆ. ಮನೆಯೊಳಗಿನವರನ್ನೇ ಮೊದಲು ಸುಡುತ್ತದೆ.

ಶಾಸನಸಭೆಗಳು ನಾಳೆ ಹೊಸ ಕಾನೂನು ಮಾಡಿ, ನಿಕಟ ಕುಟುಂಬದ ಪಟ್ಟಿಗೆ ಇಂತಹವರನ್ನೂ ಸೇರಿಸಬಹುದು, ಸೇರಿಸದೆಯೂ ಇರಬಹುದು. ಆದರೆ ಒಬ್ಬರ ಬೆವರಿನ ಹಣವನ್ನು ಅವರದೆಂದು ಒಪ್ಪಿಕೊಳ್ಳಲು ನಮಗೆ ಶಾಸನದ ಅಪ್ಪಣೆ ಬೇಕಿಲ್ಲ. ಸಹಜೀವನ ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಬೇಕಾದಷ್ಟು ಕಾಲ ನಡೆಸೋಣ. ಆ ಚರ್ಚೆ ಮುಗಿಯುವವರೆಗೆ ಅವಳ ಹಣ ಅವಳಿಗೆ ಸಲ್ಲದೆ ಕಾಯಬೇಕಾಗಿಲ್ಲ.